ಡಾರ್ನಾ ಯಾರಾಗಬೇಕು ಎಂದು ಕೇಳುತ್ತಾ ನಾರ್ಡಾಳನ್ನು ಮರೆತವರು

"ಡಿಂಗ್, ಆ ಕಲ್ಲು!"

ಫಿಲಿಪ್ಪೀನ್ಸ್‌ನಲ್ಲಿ ಈ ಮಾತು ಗೊತ್ತಿಲ್ಲದವರು ಸಿಗುವುದು ಕಷ್ಟ. ಅಕ್ಕ ತಮ್ಮನಿಗೆ ಕೂಗಿ ಹೇಳುವ ಮಾತು ಇದು. ತಮ್ಮ ಡಿಂಗ್ ತನ್ನ ಹತ್ತಿರ ಜೋಪಾನವಾಗಿ ಇಟ್ಟುಕೊಂಡಿದ್ದ ಬಿಳಿ ಕಲ್ಲನ್ನು ಎಸೆಯುತ್ತಾನೆ. ಅಕ್ಕ ನಾರ್ಡಾ ಅದನ್ನು ಹಿಡಿದು ಬಾಯಿಗೆ ಹಾಕಿಕೊಂಡು ನುಂಗುತ್ತಾಳೆ. "ಡಾರ್ನಾ!" ಎಂದು ಕೂಗುತ್ತಾಳೆ. ಕಣ್ಣು ಕುಕ್ಕುವ ಬೆಳಕು. ಹಳೇ ಲಂಗ ತೊಟ್ಟ ಹಳ್ಳಿ ಹುಡುಗಿ ಇದ್ದ ಜಾಗದಲ್ಲಿ ಈಗ ಬೇರೆ ಹೆಂಗಸು ನಿಂತಿದ್ದಾಳೆ. ತಲೆಗೆ ಕೆಂಪು ಶಿರಸ್ತ್ರಾಣ, ಅದರ ಮೇಲೆ ಬಂಗಾರದ ರೆಕ್ಕೆ. ಎದೆಯ ಮೇಲೆ ನಕ್ಷತ್ರ, ಸೊಂಟಕ್ಕೆ ಪಟ್ಟಿ, ಮುಂದೆ ಇಳಿಬಿದ್ದ ಬಟ್ಟೆ. ಮರುಕ್ಷಣ ಅವಳು ಆಕಾಶದಲ್ಲಿ.

ಈ ಡಾರ್ನಾ ಕಾಮಿಕ್ಸ್‌ನಲ್ಲಿ ಕಾಣಿಸಿಕೊಂಡದ್ದು 1950ರ ಮೇ ತಿಂಗಳಲ್ಲಿ. ಅಂದರೆ ಅವಳಿಗೆ ಈಗ 75 ದಾಟಿದೆ. ಒಂದು ಡಜನ್‌ಗೂ ಜಾಸ್ತಿ ಸಿನಿಮಾಗಳು, ಹಲವು ಟೀವಿ ಧಾರಾವಾಹಿಗಳು ಬಂದಿವೆ. ಆದರೆ ಅವಳ ಹೆಸರಿನ ಕೊನೆಯ ದೊಡ್ಡ ಸಿನಿಮಾ ಬಂದದ್ದು 1994ರಲ್ಲಿ. ಅಲ್ಲಿಂದ ಮೂವತ್ತು ವರ್ಷ ದಾಟಿತು. ಇಷ್ಟು ಜನಪ್ರಿಯ ನಾಯಕಿಗೆ ಮೂವತ್ತು ವರ್ಷದಲ್ಲಿ ಒಂದು ಸಿನಿಮಾ ಮಾಡಲು ಆಗಲಿಲ್ಲ ಯಾಕೆ? ದುಡ್ಡಿಲ್ಲ, ತಂತ್ರಜ್ಞಾನ ಇಲ್ಲ ಅಂತ ಸುಲಭವಾಗಿ ಹೇಳಿಬಿಡಬಹುದು. ಅದು ಅರ್ಧ ಸತ್ಯ. ಉಳಿದರ್ಧ ಇರುವುದು ಅಲ್ಲಿನ ಪತ್ರಿಕೆಗಳೂ ಅಭಿಮಾನಿಗಳೂ ಪ್ರತಿ ಸಲ ಕೇಳುವ ಒಂದೇ ಪ್ರಶ್ನೆಯಲ್ಲಿ: ಮುಂದಿನ ಡಾರ್ನಾ ಯಾರು? ಕಥೆ ಏನು, ಯಾರು ಬರೆಯುತ್ತಾರೆ, ನಾರ್ಡಾ ಈ ಸಲ ಎಲ್ಲಿಯವಳು ಎಂದು ಯಾರೂ ಮೊದಲು ಕೇಳುವುದಿಲ್ಲ. ಆ ಪ್ರಶ್ನೆಯ ಭಾರ ಹೊತ್ತು ನಟಿಯರು ಸೊರಗಿದರು, ಕಥೆಯೂ ಸೊರಗಿತು ಎಂಬುದು ನನ್ನ ಅಭಿಪ್ರಾಯ.

ಮೊದಲು ಹುಟ್ಟಿನ ಕಥೆ. ಬರೆದವರು ಮಾರ್ಸ್ ರವೇಲೊ. 1947ರಲ್ಲಿ 'ಬುಲಕ್ಲಕ್' ಎಂಬ ವಾರಪತ್ರಿಕೆಯಲ್ಲಿ 'ವರ್ಗಾ' ಎಂಬ ಹಾರುವ ಹೆಣ್ಣನ್ನು ಅವರೇ ಬರೆದು ಅವರೇ ಚಿತ್ರಿಸಿದ್ದರು. ಆಮೇಲೆ ಪತ್ರಿಕೆಯವರ ಜೊತೆ ಮನಸ್ತಾಪವಾಗಿ ಹೊರಬಂದರು. ವರ್ಗಾ ಎಂಬ ಹೆಸರು ಅಲ್ಲೇ ಉಳಿಯಿತು. 1950ರಲ್ಲಿ 'ಪಿಲಿಪಿನೊ ಕೋಮಿಕ್ಸ್' ಪತ್ರಿಕೆಗೆ ಅದೇ ಕಲ್ಪನೆಯನ್ನು ಹೊಸ ಹೆಸರಿನಲ್ಲಿ ತಂದರು. ಈ ಸಲ ಚಿತ್ರ ಬರೆದವರು ನೆಸ್ಟರ್ ರೆಡೊಂಡೊ. ಇದೇ ರೆಡೊಂಡೊ ಮುಂದೆ ಅಮೆರಿಕದ ಡಿಸಿ ಕಾಮಿಕ್ಸ್‌ಗೂ ಕೆಲಸ ಮಾಡಿದರು.

ಆ ಕಾಲ ಹೇಗಿತ್ತು ನೋಡಿ. ಎರಡನೇ ಮಹಾಯುದ್ಧದ ಕೊನೆಗೆ, 1945ರಲ್ಲಿ, ಮನಿಲಾ ನಗರ ನೆಲಸಮವಾಗಿತ್ತು. ಒಂದು ತಿಂಗಳ ಕಾಳಗದಲ್ಲಿ ಸುಮಾರು ಒಂದು ಲಕ್ಷ ಸಾಮಾನ್ಯ ಜನ ಸತ್ತಿದ್ದರು. 1946ರ ಜುಲೈ 4ಕ್ಕೆ ಅಮೆರಿಕ ಸ್ವಾತಂತ್ರ್ಯ ಕೊಟ್ಟು ಹೊರಟಿತು. ಅಮೆರಿಕನ್ ಸೈನಿಕರು ಓದಿ ಬಿಟ್ಟುಹೋದ ಕಾಮಿಕ್ಸ್ ಪುಸ್ತಕಗಳು ಊರೂರಲ್ಲಿ ಓಡಾಡುತ್ತಿದ್ದವು. ಅದನ್ನು ನೋಡಿ ಸ್ಥಳೀಯ ಭಾಷೆಯಲ್ಲೇ 'ಕೋಮಿಕ್ಸ್' ಶುರುವಾಯಿತು. ಬೀದಿ ಬದಿಯ ಚಿಲ್ಲರೆ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಒಂದು ಪ್ರತಿ ಎಷ್ಟೋ ಕೈ ದಾಟುತ್ತಿತ್ತು. ವಾರ ವಾರ ಬರುವ ಕಥೆಗೆ ಇಡೀ ಓಣಿ ಕಾಯುತ್ತಿತ್ತು. ಜನ ಮೆಚ್ಚಿದ ಕಥೆ ಕಂಡರೆ ಸಿನಿಮಾದವರು ತಡಮಾಡದೆ ಕೊಳ್ಳುತ್ತಿದ್ದರು.

ಡಾರ್ನಾ ವಿಷಯದಲ್ಲೂ ಹಾಗೇ ಆಯಿತು. ಕಾಮಿಕ್ಸ್ ಬಂದ ಮರುವರ್ಷವೇ, 1951ರಲ್ಲಿ, ಸಿನಿಮಾ ತೆರೆಗೆ ಬಂತು. ನಿರ್ದೇಶನ ಫರ್ನಾಂಡೊ ಪೋ ಸೀನಿಯರ್. ಮುಂದೆ ಆ ದೇಶದ ಆಕ್ಷನ್ ಸಿನಿಮಾದ ದೊರೆಯಾಗಿ ಮೆರೆದು, 2004ರಲ್ಲಿ ರಾಷ್ಟ್ರಪತಿ ಚುನಾವಣೆಗೂ ನಿಂತ ಫರ್ನಾಂಡೊ ಪೋ ಜೂನಿಯರ್ ಇವರ ಮಗ. ಡಾರ್ನಾ ಆದವರು ರೋಸಾ ಡೆಲ್ ರೊಸಾರಿಯೊ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಮೆರಿಕದ ವಂಡರ್ ವುಮನ್ ಕಾಮಿಕ್ಸ್‌ಗೆ ಬಂದದ್ದು 1941ರಲ್ಲಿ. ಟೀವಿಯಲ್ಲಿ ಹೆಸರು ಮಾಡಿದ್ದು 70ರ ದಶಕದಲ್ಲಿ. ಅವಳ ಹೆಸರಿನಲ್ಲೇ ಒಂದು ದೊಡ್ಡ ಸಿನಿಮಾ ಚಿತ್ರಮಂದಿರಕ್ಕೆ ಬರಲು 2017 ಆಗಬೇಕಾಯಿತು. ಯುದ್ಧದಲ್ಲಿ ಸುಟ್ಟುಹೋಗಿದ್ದ ಮನಿಲಾದವರು ಆ ಕೆಲಸವನ್ನು 66 ವರ್ಷ ಮೊದಲೇ ಮಾಡಿ ಮುಗಿಸಿದ್ದರು. ಡಾರ್ನಾಳನ್ನು "ಫಿಲಿಪ್ಪೀನ್ಸ್‌ನ ವಂಡರ್ ವುಮನ್" ಎಂದು ಸುಮ್ನೆ ಕರೆದುಬಿಡುವವರಿಗೆ ಈ ಲೆಕ್ಕ ತಿಳಿದಿರಬೇಕು. ಇಬ್ಬರ ನಡುವೆ ಇನ್ನೂ ದೊಡ್ಡ ವ್ಯತ್ಯಾಸವಿದೆ. ವಂಡರ್ ವುಮನ್ ರಾಜಕುಮಾರಿ. ಶಕ್ತಿ ಅವಳಿಗೆ ಹುಟ್ಟಿನಿಂದ ಬಂದದ್ದು. ನಾರ್ಡಾ ಅಜ್ಜಿಯ ಆಸರೆಯಲ್ಲಿ ಬೆಳೆದ ಬಡ ಅನಾಥ ಹುಡುಗಿ. ಆಕಾಶದಿಂದ ಬಿದ್ದ ಕಲ್ಲು ಅವಳ ಕೈಗೆ ಸಿಕ್ಕಿದ್ದು ಅದೃಷ್ಟ. ಓದುವ ಯಾವ ಹುಡುಗಿಗೆ ಬೇಕಾದರೂ ಸಿಗಬಹುದಿತ್ತು.

ಕಾಮಿಕ್ಸ್‌ನ ನಾರ್ಡಾ ಚಿಕ್ಕ ಹುಡುಗಿ. ಕಲ್ಲು ನುಂಗಿದರೆ ಬೆಳೆದ ಹೆಂಗಸಾಗುತ್ತಾಳೆ. 1951ರ ಸಿನಿಮಾದಲ್ಲೂ ನಾರ್ಡಾ ಬೇರೆ, ಡಾರ್ನಾ ಬೇರೆ. ನಾರ್ಡಾ ಆಗಿದ್ದು ಮೀಲಾ ನಿಂಫಾ ಎಂಬ ಬಾಲನಟಿ. ರೋಸಾ ಅವರಿಗೆ ಆ ಹೊತ್ತಿಗೆ ಮೂವತ್ತು ದಾಟಿತ್ತು. ಅವರು 1930ರ ದಶಕದಿಂದಲೇ ನಟಿಸುತ್ತಿದ್ದ ಹಳೇ ತಾರೆ. ಮಗು ಕಣ್ಣಿನಿಂದ ನೋಡಿದರೆ ಇದು ಸರಿಯಾಗಿಯೇ ಇದೆ. ದೊಡ್ಡವಳಾದರೆ ನಾನು ಹೀಗಾಗಬೇಕು ಎಂದು ಮಗು ಕನಸು ಕಾಣುವುದು ಅಮ್ಮನ ವಯಸ್ಸಿನ, ಗಟ್ಟಿ ಹೆಂಗಸನ್ನು ನೋಡಿ. ಹತ್ತೊಂಬತ್ತರ ಹುಡುಗಿಯನ್ನು ನೋಡಿ ಅಲ್ಲ.

ಮುಂದೆ ನಡೆದದ್ದು ಇದರ ಉಲ್ಟಾ. ಅರವತ್ತರ ದಶಕದಲ್ಲಿ ಲೀಸಾ ಮೊರೆನೊ, ಇವಾ ಮೊಂಟೆಸ್, ಜೀನಾ ಪರೆನ್ಯೊ ಒಬ್ಬರಾದ ಮೇಲೊಬ್ಬರು ಬಂದರು. 1963ರ ಒಂದು ಚಿತ್ರದ ಹೆಸರಿನಲ್ಲೇ ಡಾರ್ನಾಗೆ ಎದುರಾಳಿ 'ಇಸ್ಪುಟ್ನಿಕ್'. 1969ರ ಚಿತ್ರದಲ್ಲಿ 'ಪ್ಲಾನೆಟ್‌ಮ್ಯಾನ್'. ಸ್ಪುಟ್ನಿಕ್ ಹಾರಿ, ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ಕಾಲ ಅದು. ಹಾವೇ ಕೂದಲಾದ ಹೆಂಗಸು, ಡಾರ್ನಾಳ ಹಳೇ ಎದುರಾಳಿ ವ್ಯಾಲೆಂಟಿನಾ ಜೊತೆ ಬಾಹ್ಯಾಕಾಶವೂ ಕಥೆಗೆ ಸೇರಿಕೊಂಡಿತು. ಜೀನಾ ಪರೆನ್ಯೊ ಅವರ ಬಗ್ಗೆ ಒಂದು ಮಾತು. ಡಾರ್ನಾ ಆದ ಎಷ್ಟೋ ವರ್ಷಗಳ ಮೇಲೆ, 2006ರಲ್ಲಿ, 'ಕುಬ್ರದೋರ್' ಎಂಬ ಚಿತ್ರದಲ್ಲಿ ಕೊಳೆಗೇರಿಯ ಸಂದಿಗೊಂದಿ ತಿರುಗಿ ನಂಬರ್ ಜೂಜಿಗೆ ದುಡ್ಡು ಸಂಗ್ರಹಿಸುವ ಹೆಂಗಸಾಗಿ ಅವರು ನಟಿಸಿದರು. ನಮ್ಮ ಕಡೆಯ ಮಟ್ಕಾ ಥರದ ಜೂಜು ಅದು. ದೆಹಲಿಯ ಓಸಿಯನ್ಸ್ ಸಿನೆಫ್ಯಾನ್ ಚಿತ್ರೋತ್ಸವದಲ್ಲಿ ಆ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಡಾರ್ನಾ ಪಟ್ಟದ ಗದ್ದಲದಲ್ಲಿ ಈ ನಟಿಯರ ಉಳಿದ ಕೆಲಸ ಮುಚ್ಚಿಹೋಗುತ್ತದೆ ಎನ್ನುವುದಕ್ಕೆ ಇದೊಂದು ಉದಾಹರಣೆ ಸಾಕು.

ಡಾರ್ನಾ ಎಂದರೆ ಇಂಥವರೇ ಎಂದು ಇಡೀ ದೇಶ ಒಪ್ಪಿಕೊಂಡದ್ದು ವಿಲ್ಮಾ ಸಾಂಟೋಸ್ ಬಂದಾಗ. ವರ್ಷ 1973. ಬಾಲನಟಿಯಾಗಿ ಬೆಳೆದವರು, ಜನರ ಕಣ್ಣಿಗೆ ಇನ್ನೂ ಮನೆಮಗಳು, ವಯಸ್ಸು ಹತ್ತೊಂಬತ್ತು. ಆ ತುಂಡು ಉಡುಪು ಹಾಕಲು ಮೊದಲು ಹಿಂಜರಿದಿದ್ದರು. 'ಲಿಪಾದ್, ಡಾರ್ನಾ, ಲಿಪಾದ್!' ಎಂಬ ಆ ಚಿತ್ರದಲ್ಲಿ ಮೂರು ಬಿಡಿ ಕಥೆಗಳಿದ್ದವು. ಮೂವರು ನಿರ್ದೇಶಕರು, ಮೂವರು ಖಳನಾಯಕಿಯರು. ಗ್ಲೋರಿಯಾ ರೊಮೆರೊ, ಸೇಲಿಯಾ ರೊಡ್ರಿಗೆಸ್, ಲೀಸಾ ಲೊರೆನಾ ಥರದ ದೊಡ್ಡ ನಟಿಯರನ್ನೇ ಎದುರಿಗೆ ನಿಲ್ಲಿಸಿದ್ದರು. ಸೇಲಿಯಾ ಅವರ ವ್ಯಾಲೆಂಟಿನಾ ಇವತ್ತಿಗೂ ಜನರ ಬಾಯಲ್ಲಿದೆ. 1980ರ ಹೊತ್ತಿಗೆ ವಿಲ್ಮಾ ನಾಲ್ಕು ಡಾರ್ನಾ ಚಿತ್ರ ಮುಗಿಸಿದ್ದರು.

ಆ ಚಿತ್ರಗಳ ಹಾರಾಟ ಇವತ್ತು ನೋಡಿದರೆ ತಂತಿ, ಹಿಂದೆ ಓಡುವ ಮೋಡ ಎಲ್ಲ ಗೊತ್ತಾಗುತ್ತದೆ. ಆದರೂ ನೋಡಿಸಿಕೊಂಡು ಹೋಗುತ್ತವೆ. ಕಾರಣ ವಿಲ್ಮಾ ಅವರ ಮುಖ. ನಂಬಿಕೆಯಿಂದ ಹಾರುತ್ತಾರೆ. ಹೊಡೆದಾಟದಲ್ಲೂ ಅವರ ಕಣ್ಣಲ್ಲಿ ಒಂದು ಕಾಳಜಿ ಇರುತ್ತದೆ. ಕೆಂಪು ಉಡುಪಿನ ಒಳಗೆ ನಾರ್ಡಾ ಇನ್ನೂ ಇದ್ದಾಳೆ ಅನ್ನಿಸುತ್ತದೆ. ಮುಂದೆ ಅವರು ರಾಜಕೀಯಕ್ಕೆ ಬಂದರು. 1998ರಲ್ಲಿ ಲೀಪಾ ನಗರದ ಮೇಯರ್, 2007ರಲ್ಲಿ ಬತಾಂಗಾಸ್ ಪ್ರಾಂತ್ಯದ ಗವರ್ನರ್, ಆಮೇಲೆ ಸಂಸತ್ ಸದಸ್ಯೆ, 2025ರ ಚುನಾವಣೆಯಲ್ಲಿ ಮತ್ತೆ ಗವರ್ನರ್. ಸಿನಿಮಾದವರು ಗದ್ದುಗೆ ಏರುವುದು ದಕ್ಷಿಣ ಭಾರತದ ನಮಗೆ ಹೊಸದೇನೂ ಅಲ್ವಲ್ಲ. ಆದರೆ ಸೂಪರ್‌ಹೀರೋ ಪಾತ್ರದಿಂದ ಮನೆಮಾತಾದ ನಟಿಯೊಬ್ಬರು ದಶಕಗಳ ಕಾಲ ಗೆಲ್ಲುತ್ತಲೇ ಬಂದದ್ದು ಗಮನಿಸಬೇಕಾದ ವಿಷಯ.

ವಿಲ್ಮಾ ಅವರ ಯಶಸ್ಸಿನಿಂದ ಒಂದು ತೊಂದರೆಯೂ ಆಯಿತು. ಡಾರ್ನಾ ಪಾತ್ರ ಪಟ್ಟಾಭಿಷೇಕವಾಗಿಬಿಟ್ಟಿತು. ಡಾರ್ನಾ ಆದವಳೇ ನಾಳಿನ ದೊಡ್ಡ ತಾರೆ ಎಂಬ ಲೆಕ್ಕ ಶುರುವಾಯಿತು. 1991ರಲ್ಲಿ ನಾನೆಟ್ ಮೆದ್ವೆದ್. ನಿರ್ದೇಶಕ ಜೋಯೆಲ್ ಲಮಾಂಗನ್ ಅವರಿಗೆ ಅದು ಮೊದಲ ಚಿತ್ರ. 1994ರಲ್ಲಿ ಅಂಜನೆಟ್ ಅಬಯಾರಿ. ಇವರು 1991ರಲ್ಲಿ ಆ ದೇಶದ ದೊಡ್ಡ ಸೌಂದರ್ಯ ಸ್ಪರ್ಧೆ ಗೆದ್ದಿದ್ದರು, ಆದರೆ ಅಮೆರಿಕದ ಪೌರತ್ವ ಇದೆ ಎಂಬ ಕಾರಣಕ್ಕೆ ಕಿರೀಟ ಕಳೆದುಕೊಂಡಿದ್ದರು. ಮೂರು ವರ್ಷದಲ್ಲಿ ಅವರ ತಲೆಗೆ ಡಾರ್ನಾಳ ಕಿರೀಟ ಬಂತು.

ನಾರ್ಡಾ ಫಿಲಿಪ್ಪೀನ್ಸ್ ಹಳ್ಳಿಯ ಬಡ ಹುಡುಗಿ. ಬಿಸಿಲಲ್ಲಿ ಬೆಳೆದವಳು. ಡಾರ್ನಾ ಆಗಿ ನಟಿಸಿದವರ, ಆ ಪಾತ್ರಕ್ಕೆ ಆಯ್ಕೆಯಾದವರ ಪಟ್ಟಿ ನೋಡಿ. ರೋಸಾ ಅವರ ತಂದೆ ಅಮೆರಿಕನ್. ಅಂಜನೆಟ್ ಅಮೆರಿಕದ ಪ್ರಜೆ. ಮುಂದೆ ಬಂದ ಮರಿಯನ್ ರಿವೇರಾ ಹುಟ್ಟಿದ್ದು ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ, ತಂದೆ ಸ್ಪ್ಯಾನಿಷ್. ಲೀಸಾ ಸೊಬೆರಾನೊ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. ಇವರಲ್ಲಿ ಯಾರೂ ಕಡಿಮೆ ಫಿಲಿಪ್ಪೀನೊ ಎಂದು ನಾನು ಹೇಳುತ್ತಿಲ್ಲ. ಅದು ತಪ್ಪು ಮಾತು, ಅನ್ಯಾಯದ ಮಾತು. ಆಯ್ಕೆ ಮಾಡುವವರ ಕಣ್ಣು ಮತ್ತೆ ಮತ್ತೆ ಎತ್ತ ಹೋಗುತ್ತದೆ ಎಂಬುದಷ್ಟೇ ಪ್ರಶ್ನೆ. ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನ್, ಆಮೇಲೆ ಸುಮಾರು ಅರ್ಧ ಶತಮಾನ ಅಮೆರಿಕ ಆಳಿದ ದೇಶ ಅದು. ಬಿಳಿ ಬಣ್ಣ, ನೀಳ ಮೂಗಿನ ಮೇಲಿನ ಮೋಹ ಪರದೆಯ ಮೇಲೆ ಉಳಿದುಕೊಂಡಿತು. ಕನ್ನಡ ಸಿನಿಮಾ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1994ರ ಚಿತ್ರವನ್ನು ನಾನು ಮೆಚ್ಚುವುದು ಬೇರೆ ಕಾರಣಕ್ಕೆ. ಪೆಕೆ ಗಲ್ಯಾಗ ಮತ್ತು ಲೋರೆ ರೆಯೆಸ್ ನಿರ್ದೇಶಿಸಿದ ಆ ಚಿತ್ರ ಆ ದಿನಗಳ ನೋವನ್ನು ನೇರವಾಗಿ ಕಥೆಗೆ ತಂದಿತು. 1991ರ ಜೂನ್‌ನಲ್ಲಿ ಪಿನಟುಬೊ ಜ್ವಾಲಾಮುಖಿ ಸಿಡಿದಿತ್ತು. ಅದಾದ ಮೇಲೆ ವರ್ಷಗಟ್ಟಲೆ, ಪ್ರತಿ ಮಳೆಗಾಲದಲ್ಲೂ, ಬೂದಿ ಬೆರೆತ ಕೆಸರಿನ ಹೊಳೆ ಹರಿದು ಬಂದು ಊರುಗಳನ್ನು ಹೂತುಹಾಕುತ್ತಿತ್ತು. ಚಿತ್ರದಲ್ಲಿ ನಾರ್ಡಾಳ ತಲೆಗೆ ಏಟು ಬೀಳುತ್ತದೆ, ಕಲ್ಲು ಕಳವಾಗುತ್ತದೆ. ಊರು ಕೆಸರಿನ ಪಾಲಾಗುತ್ತದೆ. ಬುದ್ಧಿ ಸ್ಥಿಮಿತ ತಪ್ಪಿದ ಅಕ್ಕನನ್ನು ಕರೆದುಕೊಂಡು ಡಿಂಗ್ ಮತ್ತು ಅಜ್ಜಿ ಮನಿಲಾದ ದಾರಿ ಹಿಡಿಯುತ್ತಾರೆ. ಮನೆ ಕಳೆದುಕೊಂಡು ನಗರ ಸೇರಿದ ನಿಜವಾದ ಕುಟುಂಬಗಳು ಚಿತ್ರಮಂದಿರದಲ್ಲಿ ಕೂತು ಇದನ್ನು ನೋಡಿದ ಕಾಲ ಅದು. ದೇಶದ ನಾಯಕಿ ಕೂಡ ಅವರ ಥರವೇ ನಿರಾಶ್ರಿತೆ. ಡಾರ್ನಾ ಕಥೆಗೆ ಎಷ್ಟು ತಾಕತ್ತಿದೆ ಎಂದು ಗೊತ್ತಾಗುವುದು ಇಂಥ ಕಡೆ.

ಅದಾದ ಮೇಲೆ ಸಿನಿಮಾ ನಿಂತಿತು, ಟೀವಿ ಹಿಡಿದುಕೊಂಡಿತು. 2004ರ ಸುಮಾರಿಗೆ ಜಿಎಂಎ ಮತ್ತು ಎಬಿಎಸ್-ಸಿಬಿಎನ್ ಎಂಬ ಎರಡು ವಾಹಿನಿಗಳ ನಡುವೆ ಭಾರೀ ಪೈಪೋಟಿ. ರಾತ್ರಿ ಹೊತ್ತಿನ ಧಾರಾವಾಹಿಗಳಲ್ಲಿ ಮತ್ಸ್ಯಕನ್ಯೆ, ಹಕ್ಕಿ ಮನುಷ್ಯರು ತುಂಬಿಕೊಂಡರು. ಜಿಎಂಎಯ ಹಕ್ಕಿ ಮನುಷ್ಯರ ಕಥೆಯಲ್ಲಿ ಹೆಸರು ಮಾಡಿದ ಏಂಜೆಲ್ ಲೊಕ್ಸಿನ್ 2005ರ ಏಪ್ರಿಲ್‌ನಲ್ಲಿ ಡಾರ್ನಾ ಆದರು. ಅವರಿಗೂ ಆಗ ಹತ್ತೊಂಬತ್ತು. ಹೊಡೆದಾಟ ಇವರಿಗೆ ಒಗ್ಗಿತ್ತು. ಒಂದು ಇಡೀ ತಲೆಮಾರಿನ ಮಕ್ಕಳಿಗೆ ಡಾರ್ನಾ ಎಂದರೆ ಇವರೇ. 2009ರಲ್ಲಿ ಅದೇ ವಾಹಿನಿ ಮರಿಯನ್ ರಿವೇರಾ ಅವರನ್ನು ಇಟ್ಟುಕೊಂಡು ಮತ್ತೆ ಮಾಡಿತು.

ಅಷ್ಟರಲ್ಲಿ, 2007ರಲ್ಲೇ, ಏಂಜೆಲ್ ಎದುರಾಳಿ ವಾಹಿನಿ ಎಬಿಎಸ್-ಸಿಬಿಎನ್ ಸೇರಿದ್ದರು. ಕೆಲವು ವರ್ಷಗಳಲ್ಲಿ ಡಾರ್ನಾ ಹಕ್ಕುಗಳೂ ಅದೇ ದಾರಿ ಹಿಡಿದವು. ದೊಡ್ಡ ಸಿನಿಮಾ ಘೋಷಣೆಯಾಯಿತು. ನಿರ್ದೇಶಕ ಎರಿಕ್ ಮಟ್ಟಿ, ಡಾರ್ನಾ ಏಂಜೆಲ್. ಜನ ಕುಣಿದಾಡಿದರು. 2015ರಲ್ಲಿ ಏಂಜೆಲ್ ಹಿಂದೆ ಸರಿದರು. ಬೆನ್ನುಮೂಳೆಯ ಡಿಸ್ಕ್ ತೊಂದರೆ. ತಂತಿಯಲ್ಲಿ ನೇತಾಡುವ ಕೆಲಸ ಇನ್ನು ಬೇಡ ಎಂಬ ಸ್ಥಿತಿ.

2017ರಲ್ಲಿ ಲೀಸಾ ಸೊಬೆರಾನೊ ಹೆಸರು ಬಂತು. 2018ರಲ್ಲಿ ಎರಿಕ್ ಮಟ್ಟಿ ಹೊರಗೆ ಹೋದರು, ಜೆರಾಲ್ಡ್ ತರೋಗ್ ಬಂದರು. 2019ರ ಏಪ್ರಿಲ್‌ನಲ್ಲಿ ಲೀಸಾ ಕೂಡ ಬಿಟ್ಟರು. ಬೇರೊಂದು ಆಕ್ಷನ್ ಧಾರಾವಾಹಿಯ ಚಿತ್ರೀಕರಣದಲ್ಲಿ ಅವರ ಕೈಬೆರಳಿನ ಮೂಳೆ ಮುರಿದು, ಶಸ್ತ್ರಚಿಕಿತ್ಸೆ ಬೇಕಾಗಿತ್ತು. ಅದೇ ವರ್ಷ ಜುಲೈನಲ್ಲಿ, ಹೆಚ್ಚು ಪರಿಚಯ ಇಲ್ಲದ, ಇಪ್ಪತ್ತು ವರ್ಷದ ಜೇನ್ ಡಿ ಲಿಯಾನ್ ಆಯ್ಕೆಯಾದರು. 2020ರ ಜನವರಿಯಲ್ಲಿ ಚಿತ್ರೀಕರಣ ಶುರು. ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್. ಮೇ 5ಕ್ಕೆ ವಾಹಿನಿಯೇ ಬಂದ್.

ಈ ಕೊನೆಯದನ್ನು ಸ್ವಲ್ಪ ಬಿಡಿಸಬೇಕು. ಎಬಿಎಸ್-ಸಿಬಿಎನ್ ಆಗ ದೇಶದ ಅತಿ ದೊಡ್ಡ ಪ್ರಸಾರ ಸಂಸ್ಥೆಯಾಗಿತ್ತು. ಅಲ್ಲಿನ ಕಾನೂನಿನ ಪ್ರಕಾರ ಪ್ರಸಾರಕ್ಕೆ ಸಂಸತ್ತಿನ ಪರವಾನಗಿ ಬೇಕು. ಅವಧಿ ಮುಗಿಯಿತು. ಆಗಿನ ರಾಷ್ಟ್ರಪತಿ ರೊಡ್ರಿಗೊ ಡುಟರ್ಟೆ ಅವರಿಗೆ ಈ ಸಂಸ್ಥೆಯ ಮೇಲೆ ಸಿಟ್ಟಿತ್ತು, ಅದನ್ನು ಬಹಿರಂಗವಾಗಿ ಹಲವು ಸಲ ಹೇಳಿದ್ದರು. 2020ರ ಜುಲೈ 10ರಂದು ಸಂಸತ್ತಿನ ಸಮಿತಿ 70–11 ಮತಗಳಿಂದ ಹೊಸ ಪರವಾನಗಿ ನಿರಾಕರಿಸಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಅಂಥ ಹೊತ್ತಲ್ಲಿ ದುಬಾರಿ ಸಿನಿಮಾ ಯಾರು ಮಾಡುತ್ತಾರೆ? ಡಾರ್ನಾ ಸಿನಿಮಾ ಧಾರಾವಾಹಿಯಾಗಿ ಬದಲಾಯಿತು.

ಕಲ್ಲು ನುಂಗಿ ಹಾರುವ ಹೆಣ್ಣಿನ ಪಾತ್ರ ಹೊತ್ತವರಿಗೆ ನಿಜ ಜೀವನದಲ್ಲಿ ಏನಾಯಿತು ಎಂಬುದನ್ನೂ ಇಲ್ಲೇ ಹೇಳಬೇಕು. ವಾಹಿನಿ ಮುಚ್ಚಿದಾಗ ಏಂಜೆಲ್ ಲೊಕ್ಸಿನ್ ಬೀದಿಗಿಳಿದು ಕೆಲಸಗಾರರ ಪರ ಮಾತಾಡಿದರು. ಬಾಯಿ ಮುಚ್ಚಿಕೊಂಡಿದ್ದ ಸಹನಟರನ್ನು ನೇರವಾಗಿ ಪ್ರಶ್ನಿಸಿದರು. ಅದಕ್ಕೂ ಮೊದಲು ಪ್ರವಾಹ, ಯುದ್ಧ, ಚಂಡಮಾರುತ ಎಲ್ಲೆಲ್ಲಿ ಜನ ಬೀದಿಗೆ ಬಿದ್ದರೋ ಅಲ್ಲಿಗೆ ಹೋಗಿ ಕೈಯಾರೆ ನೆರವು ಹಂಚಿದವರು ಅವರು. 2019ರಲ್ಲಿ ಫೋರ್ಬ್ಸ್ ಏಷ್ಯಾ ಪತ್ರಿಕೆಯ ದಾನಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಜನ ಅವರನ್ನು "ನಿಜವಾದ ಡಾರ್ನಾ" ಎಂದರು. 2020ರ ಕೊನೆಗೆ ಅವರ ಮೇಲೆ ಕೆಂಪು ಪಟ್ಟಿ ಅಂಟಿಸಲಾಯಿತು. ಸರ್ಕಾರವನ್ನು ಟೀಕಿಸಿದವರನ್ನು ಕಮ್ಯುನಿಸ್ಟ್ ಬಂಡುಕೋರರ ನಂಟಿರುವವರು ಎಂದು ಅಧಿಕಾರದಲ್ಲಿರುವವರೇ ಬಹಿರಂಗವಾಗಿ ಹೇಳುವುದಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ಅದು. ಅದೊಂದು ಮಾತಿನಿಂದ ಜೀವಕ್ಕೇ ಅಪಾಯ. ಅದಕ್ಕೆ ಸ್ವಲ್ಪ ಮೊದಲು ಲೀಸಾ ಸೊಬೆರಾನೊ ಮಹಿಳಾ ಹಕ್ಕುಗಳ ಬಗ್ಗೆ ಒಂದು ಆನ್‌ಲೈನ್ ಸಭೆಯಲ್ಲಿ ಮಾತಾಡಿದ್ದರು. ಅಷ್ಟಕ್ಕೇ ಒಬ್ಬ ಸೇನಾಧಿಕಾರಿ, ಲೆಫ್ಟಿನೆಂಟ್ ಜನರಲ್ ಆಂಟೊನಿಯೊ ಪಾರ್ಲಾದೆ, ಅವರಿಗೆ ಬಹಿರಂಗ ಎಚ್ಚರಿಕೆ ಕೊಟ್ಟರು. ಆಗ ಲೀಸಾಗೆ ಇಪ್ಪತ್ತೆರಡು.

ಪರದೆಯ ಮೇಲೆ ಹೆಣ್ಣು ಅನ್ಯಾಯದ ವಿರುದ್ಧ ಮುಷ್ಟಿ ಎತ್ತಿದರೆ ಚಪ್ಪಾಳೆ. ಅದೇ ಹೆಣ್ಣು ಮೈಕ್ ಹಿಡಿದು ಎರಡು ಮಾತಾಡಿದರೆ ಎಚ್ಚರಿಕೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಇವರಿಬ್ಬರನ್ನೂ ಡಾರ್ನಾ ಎಂದು ಹೊಗಳಿದ ಎಷ್ಟೋ ಬಾಯಿಗಳು ಆ ದಿನಗಳಲ್ಲಿ ತೆರೆಯಲಿಲ್ಲ.

ಧಾರಾವಾಹಿಗೆ ಬರೋಣ. 2022ರ ಆಗಸ್ಟ್ 15ಕ್ಕೆ ಶುರುವಾಗಿ 2023ರ ಫೆಬ್ರವರಿಯಲ್ಲಿ ಮುಗಿಯಿತು. ಮುಖ್ಯ ನಿರ್ದೇಶಕ ಚಿಟೊ ರೊನ್ಯೊ. ಸ್ವಂತ ವಾಹಿನಿ ಇಲ್ಲದ ಕಾರಣ ಕೇಬಲ್, ಬೇರೆಯವರ ವಾಹಿನಿಗಳು, ಇಂಟರ್ನೆಟ್ ಎಂದು ಹಂಚಿ ಹಾಕಿದರು. ಜೇನ್ ಡಿ ಲಿಯಾನ್ ಮೂರು ವರ್ಷ ಕಾದು, ತರಬೇತಿ ಪಡೆದು, ಕೊನೆಗೂ ಹಾರಿದರು. ಅವರ ಶ್ರಮ ಎದ್ದು ಕಾಣುತ್ತದೆ. ಈ ಸಲ ನಾರ್ಡಾ ತುರ್ತು ವೈದ್ಯಕೀಯ ಸೇವೆಯ ಕೆಲಸಗಾರ್ತಿ. ಆಂಬುಲೆನ್ಸ್ ಹತ್ತಿ ಗಾಯಾಳುಗಳ ಹತ್ತಿರ ಓಡುವವಳು. ಕೊರೊನಾ ನಂತರದ ದಿನಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸವನ್ನು ನಾರ್ಡಾಗೆ ಕೊಡಲು ಆಗುತ್ತಿರಲಿಲ್ಲ. ಕಲ್ಲು ಇಲ್ಲದಾಗಲೂ ಜೀವ ಉಳಿಸುವವಳು ಅವಳು.

ನನಗೆ ಒಪ್ಪಿಗೆಯಾಗದ್ದು ಇನ್ನೊಂದು ಬದಲಾವಣೆ. ಅಜ್ಜಿಯ ಜೊತೆಗೆ ಇಲ್ಲಿ ಅಮ್ಮನೂ ಬಂದಳು. ಇಸಾ ಕಾಲ್ಸಾದೊ ಮಾಡಿದ ಆ ಲಿಯೊನೊರ್ ಪಾತ್ರವೇ ಹಿಂದಿನ ಡಾರ್ನಾ. ಬೇರೆ ಗ್ರಹದಿಂದ ಬಂದ ಯೋಧೆ, ಮಗಳಿಗೆ ತರಬೇತಿ ಕೊಟ್ಟು, ಕಲ್ಲನ್ನು ಅವಳಿಗೆ ಬಿಟ್ಟುಹೋಗುತ್ತಾಳೆ. ಇಸಾ ಅವರ ನಟನೆ ಚೆನ್ನಾಗಿದೆ, ತಾಯಿ-ಮಗಳ ದೃಶ್ಯಗಳು ಕಣ್ಣು ಒದ್ದೆ ಮಾಡುತ್ತವೆ. ಆದರೆ ಶಕ್ತಿ ಈಗ ವಂಶದ ಆಸ್ತಿ. ಯಾವ ಬಡ ಹುಡುಗಿಯ ಕೈಗಾದರೂ ಬೀಳಬಹುದಾಗಿದ್ದ ಕಲ್ಲು ಈಗ ಅರ್ಹ ಕುಟುಂಬಕ್ಕೆ ಸೇರಿದ್ದು. ಮೇಯರ್‌ಗಿರಿಯಿಂದ ಹಿಡಿದು ಸಂಸತ್ತಿನವರೆಗೆ ಅದೇ ಅದೇ ಮನೆತನಗಳು ಆಳುವ ದೇಶದಲ್ಲಿ ಈ ಬದಲಾವಣೆ ಸಣ್ಣದಲ್ಲ.

ಖಳನಾಯಕಿಯ ವಿಷಯದಲ್ಲಿ ಮಾತ್ರ ಇದು ಹಿಂದಿನ ಎಲ್ಲ ರೂಪಗಳಿಗಿಂತ ಮುಂದೆ ಹೋಯಿತು. ಜನೆಲ್ಲಾ ಸಾಲ್ವದೋರ್ ಮಾಡಿದ ರೆಜಿನಾ ಒಬ್ಬ ಸಿರಿವಂತ ವಕೀಲೆ. ಬಡವರ ಪರ ಮಾತಾಡಿ ಸಾಮಾಜಿಕ ಜಾಲತಾಣದಲ್ಲಿ ಹೆಸರು ಮಾಡಿದವಳು. ನಾರ್ಡಾಳ ಗೆಳತಿ. ಅವಳೇ ನಿಧಾನವಾಗಿ ಹಾವುಗೂದಲ ವ್ಯಾಲೆಂಟಿನಾ ಆಗುತ್ತಾಳೆ. ಅವಳ ಸಿಟ್ಟಿಗೆ ಕಾರಣವಿದೆ, ನೋವಿಗೆ ಹಿನ್ನೆಲೆಯಿದೆ. ಮೂಲ ಕಾಮಿಕ್ಸ್‌ನಲ್ಲೂ ವ್ಯಾಲೆಂಟಿನಾ ಹುಟ್ಟುವಾಗಲೇ ತಲೆಯಲ್ಲಿ ಹಾವು ಹೊತ್ತು ಬಂದು, ಹೆತ್ತವರೇ ಹೆದರಿದ ಮಗು. ಆ ಕನಿಕರವನ್ನು ಜನೆಲ್ಲಾ ಮತ್ತೆ ತಂದರು. ಜನ ಇವರಿಬ್ಬರ ಜೋಡಿಯನ್ನು ಎಷ್ಟು ಹಚ್ಚಿಕೊಂಡರೆಂದರೆ ಎರಡೂ ಹೆಸರು ಸೇರಿಸಿ 'ಡಾರ್ಲೆಂಟಿನಾ' ಎಂದರು. ನಾಯಕನ ಪಾತ್ರದಲ್ಲಿ ಜೋಶುವಾ ಗಾರ್ಸಿಯಾ ಇದ್ದರೂ, ಎಷ್ಟೋ ಅಭಿಮಾನಿಗಳಿಗೆ ಪ್ರೇಮಕಥೆ ಕಂಡದ್ದು ಈ ಇಬ್ಬರು ಹೆಂಗಸರ ನಡುವೆ.

ಹಾಗೆ ನೋಡಿದರೆ ಡಾರ್ನಾ ಕಥೆ ಗಂಡು-ಹೆಣ್ಣಿನ ಗೆರೆ ದಾಟಿ ಬಹಳ ಕಾಲವಾಯಿತು. ಸಣ್ಣದೊಂದು ಕಲ್ಲು ನುಂಗಿದರೆ ನಾನು ಬೇರೆ ದೇಹ ಪಡೆಯುತ್ತೇನೆ ಎಂಬ ಕನಸು ಹುಡುಗಿಯರಿಗೆ ಮಾತ್ರ ಸೇರಿದ್ದಲ್ಲ. 2002ರಲ್ಲಿ ಕಾರ್ಲೊ ವೆರ್ಗಾರಾ 'ಜಾಜಾ ಜಟುರ್ನಾ' ಎಂಬ ಕಾಮಿಕ್ಸ್ ಬರೆದರು. ಅದರಲ್ಲಿ ಸಣ್ಣ ಊರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡ ಗೇ ಯುವಕ ಆಡಾ ಕಲ್ಲು ನುಂಗಿ ಮಹಾಬಲದ ಹೆಣ್ಣಾಗುತ್ತಾನೆ. ಅದು 2006ರಲ್ಲಿ ರಂಗದ ಮೇಲೂ ಬಂತು, ಸಿನಿಮಾ ಕೂಡ ಆಯಿತು. ಸಿನಿಮಾ ನಿರ್ದೇಶಿಸಿದ್ದು 1991ರಲ್ಲಿ ಡಾರ್ನಾ ಮಾಡಿದ್ದ ಅದೇ ಜೋಯೆಲ್ ಲಮಾಂಗನ್. ಆಡಾ ಯಾರು, ಅವನಿಗೆ ಏನು ನೋವು, ಅಪ್ಪನ ಜೊತೆ ಏನು ಲೆಕ್ಕ ಬಾಕಿ ಎಂಬುದು ಆ ಕಥೆಯ ಜೀವಾಳ. ಕಲ್ಲು ನುಂಗುವ ಮೊದಲಿನ ಮನುಷ್ಯನನ್ನು ಅದು ಮರೆಯಲಿಲ್ಲ. ಅದಕ್ಕೇ ಅದು ಜನರಿಗೆ ನಾಟಿತು.

ಈಗ ಮೂರು ನಟಿಯರ ಆ ಎಂಟು ವರ್ಷಗಳ ಕಥೆಯನ್ನು ಮತ್ತೆ ನೋಡಿ. ಇಬ್ಬರಿಗೆ ಪೆಟ್ಟು. ಒಬ್ಬರಿಗೆ ಅರ್ಧಕ್ಕೆ ನಿಂತ ಸಿನಿಮಾ. ಇಬ್ಬರು ನಿರ್ದೇಶಕರ ಕೈ ದಾಟಿದ ಯೋಜನೆ. ಪ್ರತಿ ಸಲ ಹೊಸ ಹೆಸರು ಬಂದಾಗ ವಾರಗಟ್ಟಲೆ ಚರ್ಚೆ ಅವಳ ಸೊಂಟ, ಅವಳ ಎತ್ತರ, ಅವಳ ಬಣ್ಣ, ಹಳೇ ಡಾರ್ನಾ ಜೊತೆ ಅವಳ ಹೋಲಿಕೆ. ಜೇನ್ ಆಯ್ಕೆಯಾದಾಗಲೂ ಏಂಜೆಲ್ ಥರ ಇಲ್ಲ ಎಂಬ ಮಾತು ಕೇಳಿಬಂತು. ಒಂದು ದೃಶ್ಯವೂ ಚಿತ್ರೀಕರಣ ಆಗುವ ಮೊದಲು! ಇಡೀ ಯೋಜನೆಯನ್ನು ಒಬ್ಬ ಹುಡುಗಿಯ ಬೆನ್ನುಮೂಳೆಯ ಮೇಲೆ ನಿಲ್ಲಿಸಿದರೆ, ಆ ಮೂಳೆಗೆ ಪೆಟ್ಟಾದ ದಿನ ಯೋಜನೆಯೂ ಬೀಳುತ್ತದೆ. ಆಗಿದ್ದೂ ಅದೇ. ತಂತಿಯಲ್ಲಿ ಹಾರುವುದು, ಬೀಳುವುದು, ಒದೆಯುವುದು ತರಬೇತಿ ಪಡೆದ ಸಾಹಸ ಕಲಾವಿದರ ಕೆಲಸ. ತಾರೆಯೇ ಎಲ್ಲವನ್ನೂ ಮಾಡಿದಳು ಎಂದು ಪ್ರಚಾರ ಮಾಡುವ ಆಸೆಗೆ ಕಡಿವಾಣ ಬೇಕು. ರಾತ್ರಿ ಹಗಲು ನಡೆಯುವ ಧಾರಾವಾಹಿ ಚಿತ್ರೀಕರಣದಲ್ಲಂತೂ ದಣಿದ ದೇಹಕ್ಕೆ ಪೆಟ್ಟಾಗುವುದು ಜಾಸ್ತಿ.

ಪಾತ್ರ ಮುಗಿದ ಮೇಲೆ ತಮ್ಮ ದಾರಿ ತಾವೇ ಕಂಡುಕೊಂಡವರೂ ಇದ್ದಾರೆ. ನಾನೆಟ್ ಮೆದ್ವೆದ್ ಸಿನಿಮಾ ಬಿಟ್ಟು ಕುಡಿಯುವ ನೀರಿನ ಬಾಟಲಿ ಮಾರುವ ಒಂದು ಸಂಸ್ಥೆ ಕಟ್ಟಿದರು. ಅದರ ಲಾಭ ಸರ್ಕಾರಿ ಶಾಲೆಗಳಿಗೆ ಕೊಠಡಿ ಕಟ್ಟಲು ಹೋಗುತ್ತದೆ. ಹಳ್ಳಿಯ ಮಕ್ಕಳು ಕೂತು ಓದುವ ಕೋಣೆಗಳು ಅವು. ಆ ಬೆಂಚುಗಳ ಮೇಲೆ ಕೂತವರೇ ಅಲ್ವಾ ನಾರ್ಡಾಗಳು?

ಮುಂದೆ ಯಾರಾದರೂ ಡಾರ್ನಾ ಸಿನಿಮಾ ಕೈಗೆತ್ತಿಕೊಂಡರೆ ನನಗೊಂದು ಆಸೆ ಇದೆ. ರವೇಲೊ ಬರೆದಂತೆ, 1951ರಲ್ಲಿ ಮಾಡಿದಂತೆ, ಪಾತ್ರವನ್ನು ಮತ್ತೆ ಎರಡು ಮಾಡಲಿ. ನಾರ್ಡಾಗೆ ಒಬ್ಬ ಚಿಕ್ಕ ಹುಡುಗಿ. ಪರಿಚಿತ ಮುಖವೇ ಬೇಡ. ದಕ್ಷಿಣದ ಮಿಂದನಾವೊ ದ್ವೀಪದ ಕಡೆಯವಳೋ, ಸಮುದ್ರ ತೀರದ ಮೀನುಗಾರರ ಮನೆಯವಳೋ, ಕಂದು ಬಣ್ಣದವಳೋ ಆಗಲಿ. ಡಾರ್ನಾಗೆ ಮೂವತ್ತೋ ನಲವತ್ತೋ ಆದ, ನಟನೆ ಬಲ್ಲ, ಮೈಕಟ್ಟು ಗಟ್ಟಿಯಿರುವ ಹೆಂಗಸು. ಕಷ್ಟದ ಸಾಹಸಕ್ಕೆ ಇನ್ನೊಬ್ಬಳು, ಅವಳ ಹೆಸರೂ ಪೋಸ್ಟರ್ ಮೇಲೆ ಬರಲಿ. ಆಗ ಭಾರ ಮೂವರಿಗೆ ಹಂಚಿಹೋಗುತ್ತದೆ. ಯಾರು ಡಾರ್ನಾ ಎಂಬ ಪೈಪೋಟಿಯ ಬಿಸಿ ಅರ್ಧ ಇಳಿಯುತ್ತದೆ. ಚಿತ್ರಕಥೆ ಬರೆಯುವವರು ಮೊದಲ ಅರ್ಧ ಗಂಟೆ ಆ ಮಗುವಿನ ಮನೆ, ಅಜ್ಜಿ, ತಮ್ಮ, ಊರು ಇವುಗಳ ಮೇಲೆ ಕಳೆಯಲೇಬೇಕಾಗುತ್ತದೆ. ಪ್ರತಿ ವರ್ಷ ಚಂಡಮಾರುತ ಬಂದು ಮನೆ ಎಬ್ಬಿಸಿಕೊಂಡು ಹೋಗುವ, ಅಪ್ಪ-ಅಮ್ಮ ದುಡಿಯಲು ಗಲ್ಫ್‌ಗೋ ಹಾಂಗ್‌ಕಾಂಗ್‌ಗೋ ಹೋಗಿ ಅಜ್ಜಿಯ ಹತ್ತಿರ ಬೆಳೆಯುವ ಮಕ್ಕಳು ಲಕ್ಷಗಟ್ಟಲೆ ಇರುವ ದೇಶ ಅದು. ಆ ಮಕ್ಕಳಲ್ಲಿ ಒಬ್ಬಳಿಂದ ಚಿತ್ರಕಥೆ ಶುರುವಾಗಲಿ. ನಟಿಯ ಹೆಸರು ಆಮೇಲೆ ಹೇಳಿದರೂ ನಡೆಯುತ್ತದೆ.